ಐದನೆಯ ಚುಕ್ಕಿ

ನಮ್ಮ ಶಾಲೆಯಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆದ ದಿನ ಆರು ಮಂದಿ ಮಾತಾಡಿದರು. ಆರೂ ಮಂದಿ ಒಂದು ಮಾತನ್ನು ತಪ್ಪದೆ ಹೇಳಿದರು. ಸರ್ ಧೂಮಕೇತು ಕಂಡುಹಿಡಿದವರು. ನವಲಗುಂದ ತಾಲೂಕಿನ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಕುಳಿತು, ಸೂರ್ಯನ ಕಡೆಗೆ ಓಡುತ್ತಿದ್ದ ಬಾಲದ ಚಿಕ್ಕಿಯನ್ನು, ಅಂದರೆ ಬಾಲದ ನಕ್ಷತ್ರವನ್ನು, ಹಿಡಿದವರು. ನಾನು ಶಿಕ್ಷಕರ ಸಾಲಿನ ಕೊನೆಯ ಕುರ್ಚಿಯಲ್ಲಿದ್ದೆ. ಏಳನೆಯವಳಾಗಿ ನನ್ನ ಹೆಸರು ಕರೆದರು. ಆಗುವುದಿಲ್ಲ ಎಂದು ಕೈಸನ್ನೆ ಮಾಡಿದೆ. ದುಃಖದಿಂದ ಎಂದು ಎಲ್ಲರೂ ತಿಳಿದರು. ಅದು ದುಃಖವಲ್ಲ, ಹೆದರಿಕೆ.

ಅವರು ಧೂಮಕೇತು ಕಂಡುಹಿಡಿಯಲಿಲ್ಲ. ಅದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅವರ ಹೆಂಡತಿಗೆ ಗೊತ್ತಿತ್ತು, ಹೆಡ್‌ಮಾಸ್ತರಿಗೂ ಗೊತ್ತಿತ್ತು. ಇದನ್ನು ಶಾಲೆಯ ಎದುರು ಹೇಳಿಬಿಡು ಎಂದು ಅವರು ನನಗೆ ಒಪ್ಪಿಸಿದ್ದರು. ಅವರು ಬದುಕಿರುವಾಗ ನಾನು ಹೇಳಲಿಲ್ಲ.

ನಾನು ಅವರ ವಿದ್ಯಾರ್ಥಿನಿ, ಆಮೇಲೆ ಅವರದೇ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ನಮ್ಮ ಮನೆತನದಲ್ಲಿ ಡಿಗ್ರಿ ಎನ್ನುವುದು ನನ್ನಿಂದಲೇ ಶುರು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ನಮ್ಮಪ್ಪ ತಿರ್ಲಾಪುರದಲ್ಲಿ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿದವ, ನಮ್ಮವ್ವನೂ ಅಷ್ಟೇ. ಎಂಟನೆಯ ತರಗತಿಗೆ ನನ್ನನ್ನು ಸೇರಿಸುವಾಗ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಅಪ್ಪ ಕೈ ಮುಂದೆ ಮಾಡಿದರೆ, ಸರ್ ಶಾಯಿಯ ಡಬ್ಬಿಯನ್ನು ಹಿಂದಕ್ಕೆ ಸರಿಸಿ, ಒಂದು ರಫ್ ಹಾಳೆಯ ಮೇಲೆ ಅಪ್ಪನ ಹೆಸರು ಬರೆದು, ಇದನ್ನು ನೋಡಿ ತಿದ್ದು ಎಂದರು. ಹಿಂದೆ ಸಾಲು ನಿಂತಿತ್ತು. ಮಂದಿ ಗೊಣಗಿದರು. ಅಪ್ಪ ಅರ್ಧ ತಾಸು ತಿದ್ದಿ ಸಹಿ ಮಾಡಿದ. ಆ ಅರ್ಧ ತಾಸೂ ಸರ್ ಮುಖದ ಮೇಲೆ ಬೆವರು. ಹಿಂದೆ ನಿಂತವರು ಸಿಟ್ಟಾಗುತ್ತಾರೇನೋ, ಅಪ್ಪನಿಗೆ ಅವಮಾನವಾಯಿತೇನೋ, ಹೆಸರಿನ ಅಕ್ಷರ ತಪ್ಪಿತೇನೋ ಎಂದು. ಮಾಡುವುದನ್ನು ಮಾತ್ರ ಬಿಡಲಿಲ್ಲ. ಅವರು ಹಾಗೇ. ಹೆದರುತ್ತ ಹೆದರುತ್ತ ಸರಿಯಾದದ್ದನ್ನೇ ಮಾಡುವ ಮನುಷ್ಯ.

ಅವರ ಚಿಂತೆಗಳನ್ನು ಊರೆಲ್ಲ ಬಲ್ಲದು. ಅಂಗಿಯ ಜೇಬಿನಲ್ಲಿ ಫ್ಯೂಸ್ ತಂತಿಯ ಸುರುಳಿ, ಸೂಜಿ, ದಾರ, ಹಗಲಿನಲ್ಲೂ ಒಂದು ಸಣ್ಣ ಬ್ಯಾಟರಿ ದೀಪ. ಕಂಪ್ಯೂಟರ್ ಕೋಣೆಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡುವರು. ಗೇಟಿನ ತನಕ ಹೋಗಿ, ಮತ್ತೆ ಬಂದು ಇನ್ನೊಂದು ಸಲ ಜಗ್ಗುವರು. ಸಂಜೆ ನವಲಗುಂದದ ಬಸ್ಸಿಗೆ ಒಂದು ತಾಸು ಮೊದಲೇ ಹೋಗಿ ನಿಲ್ಲುವರು. ಬಸ್ ನಿಲ್ದಾಣದ ಚಾದಂಗಡಿಯ ಕಾಕಾ ಅವರನ್ನು ಕಾಡಿಸದೆ ಬಿಡುತ್ತಿರಲಿಲ್ಲ.

"ಯಾಕ ಚಡಪಡಸ್ತೀರಿ ಚಿಕ್ಕಿ ಸರ್? ಬಸ್ ಎಲ್ಲಿ ಹೊಕ್ಕೈತಿ. ಡ್ರೈವರ್ ಇಲ್ಲೇ ಕುಂತ ಚಾ ಕುಡ್ಯಾಕತ್ತಾನ."

"ಅದು ಖರೇ. ಕಂಡಕ್ಟರ್ ಎಲ್ಲಿ ಅದಾನ?" ಎಂದು ಸರ್ ಕೇಳಿದ್ದನ್ನು ಆ ಕಾಕಾ ಇಂದಿಗೂ ಗಿರಾಕಿಗಳಿಗೆ ಹೇಳುತ್ತಾನೆ.

ಚಿಕ್ಕಿ ಸರ್ ಎಂಬ ಹೆಸರು ಬಿದ್ದದ್ದೂ ಕಾಡಿಸಲಿಕ್ಕೇ. ಯಾಕೆಂದರೆ ಅವರು ಚಿಕ್ಕಿ ನೋಡುತ್ತಿದ್ದದ್ದು ಹಗಲಿನಲ್ಲಿ, ನಾಲ್ಕೂವರೆಗೆ ಶಾಲೆ ಬಿಟ್ಟ ಮೇಲೆ, ಕಂಪ್ಯೂಟರಿನಲ್ಲಿ. ಸೂರ್ಯನನ್ನೇ ದಿಟ್ಟಿಸಿ ನೋಡುತ್ತ ಕುಳಿತಿರುವ ಸೋಹೊ ಎಂಬ ನೌಕೆಯೊಂದಿದೆ. ಹೊರದೇಶದವರು ಬಹಳ ವರ್ಷಗಳ ಹಿಂದೆ ಕಳಿಸಿದ್ದು. ಅದರ ಒಂದು ಕ್ಯಾಮೆರಾ ಸೂರ್ಯನ ಮುಖಕ್ಕೆ ತಟ್ಟೆ ಅಡ್ಡ ಹಿಡಿದು, ಸುತ್ತಲಿನ ಬೆಳಕನ್ನಷ್ಟೇ ತೆಗೆಯುತ್ತದೆ. ನಾವು ಕಣ್ಣಿಗೆ ಬಿಸಿಲು ಬಡಿದಾಗ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಆ ಚಿತ್ರಗಳು ಯಾರು ಬೇಕಾದರೂ ನೋಡಲಿ ಎಂದು ಇಂಟರ್ನೆಟ್ಟಿಗೆ ಬರುತ್ತವೆ. ಅವುಗಳಲ್ಲಿ ಸೂರ್ಯನ ಹಿಂದಿನ ನಕ್ಷತ್ರಗಳು ಕಾಣುತ್ತವೆ. ಶುಕ್ರ ಬಂದರೆ ಅದರ ಎರಡೂ ಬದಿ ಬಿಳಿ ಗೆರೆ ಚಾಚಿಕೊಂಡಿರುತ್ತದೆ. ಒಮ್ಮೊಮ್ಮೆ ಸೂರ್ಯನ ಕಡೆಗೆ ಓಡುವ ಒಂದು ಮಸುಕು ಚುಕ್ಕಿ ಇರುತ್ತದೆ. ಅದೇ ಧೂಮಕೇತು. ಎಂದೋ ಒಡೆದ ಒಂದು ದೊಡ್ಡ ಧೂಮಕೇತುವಿನ ಚೂರುಗಳು ಇವು, ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ, ಬಹುತೇಕ ಎಲ್ಲವೂ ಸೂರ್ಯನ ಹತ್ತಿರ ಹೋಗಿ ಆವಿಯಾಗಿಬಿಡುತ್ತವೆ. ಈ ಚಿತ್ರಗಳಲ್ಲಿ ಸಾವಿರಾರು ಧೂಮಕೇತುಗಳು ಸಿಕ್ಕಿವೆ. ಸಿಕ್ಕಿದ್ದು ಹೆಚ್ಚಾಗಿ ನಮ್ಮ ನಿಮ್ಮಂಥವರಿಗೆ, ಮನೆಯಲ್ಲಿ ಕುಳಿತು ನೋಡುವವರಿಗೆ. ಮೊದಲು ಕಂಡು ತಿಳಿಸಿದವರ ಹೆಸರು ಒಂದು ಪಟ್ಟಿಗೆ ಸೇರುತ್ತದೆ. ಧೂಮಕೇತುವಿಗೆ ಇಡುವುದು ನೌಕೆಯ ಹೆಸರನ್ನೇ.

ಆ ಪಟ್ಟಿಯಲ್ಲಿ ಒಂದು ಸಾಲು. ಅವರಿಗೆ ಬೇಕಿದ್ದದ್ದು ಅಷ್ಟೇ.

ಪಾಠ ಮಾಡುವಾಗಲೂ ಅವರು ಸೂರ್ಯನ ಸುದ್ದಿಗೇ ಬರುವರು. ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಕಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಜೋಳದ ರಾಶಿ ತೂರುತ್ತಿದ್ದರು. ಹೊಟ್ಟು ಯಾವ ಕಡೆ ಹಾರುತ್ತದೆ, ಕಾಳು ಎಲ್ಲಿ ಬೀಳುತ್ತದೆ ನೋಡಿ ಎಂದರು. ಧೂಮಕೇತುವಿನ ಬಾಲವೂ ಹೀಗೇ, ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿಯೇ ಹಾರುತ್ತದೆ, ಅದು ಸೂರ್ಯನಿಂದ ದೂರ ಓಡುವಾಗಲೂ ಬಾಲವೇ ಮುಂದು ಎಂದರು. ಹಾಗಿದ್ದರೆ ಸೂರ್ಯನ ಕಡೆಯಿಂದ ಗಾಳಿ ಬೀಸುತ್ತಿರಬೇಕಲ್ಲ ಎಂದು ಕೆಲವರು ಲೆಕ್ಕ ಹಾಕಿದರಂತೆ. ಅಲ್ಲಿ ಗಾಳಿ ಎಲ್ಲಿಂದ ಬರಬೇಕು, ಖಾಲಿ ಜಾಗ ಎಂದು ಬಹಳ ಮಂದಿ ನಕ್ಕರಂತೆ. ನೌಕೆಗಳು ಹೋಗಿ ನೋಡಿದವು. ಗಾಳಿ ಬೀಸುತ್ತಿತ್ತು, ರಾತ್ರಿ ಹಗಲು. ಇದನ್ನು ಹೇಳುವಾಗ ಅವರ ಚಿಂತೆಯೆಲ್ಲ ಎಲ್ಲಿಗೋ ಹೋಗಿ ಮುಖ ಹಗುರಾಗುತ್ತಿತ್ತು. ಮರುಕ್ಷಣ, ರಾಶಿಯ ದೂಳು ಯಾರ ಕಣ್ಣಿಗಾದರೂ ಬಿದ್ದೀತು ಎಂದು ನಮ್ಮನ್ನೆಲ್ಲ ಹಿಂದಕ್ಕೆ ಸರಿಸಿದರು.

ಇನ್ನೊಮ್ಮೆ, ನಾನು ಶಿಕ್ಷಕಿಯಾಗಿ ಬಂದ ಮೇಲೆ, ಸೌರ ಬಿರುಗಾಳಿ ಬರುತ್ತದೆ ಎಂದು ಟೀವಿಯಲ್ಲಿ ಹೆದರಿಸಿದ್ದರು. ಊರಿನ ರೈತನೊಬ್ಬ ಶಾಲೆಗೇ ಬಂದು, ನಮ್ಮ ಪಂಪ್‌ಸೆಟ್ ಸುಟ್ಟು ಹೋಗುತ್ತದೇನು ಎಂದು ಕೇಳಿದ. ಉಳಿದ ಶಿಕ್ಷಕರು ನಕ್ಕರು. ಸರ್ ನಗಲಿಲ್ಲ. ಆತನನ್ನು ಕೂಡಿಸಿ ನೀರು ಕೊಟ್ಟರು. ಪಂಪಿಗೆ ಏನೂ ಆಗುವುದಿಲ್ಲ ಎಂದರು. ಸೂರ್ಯನ ಗಾಳಿ ನಮಗೆ ಮುಟ್ಟುವ ಮೊದಲು ದಾರಿಯಲ್ಲಿ ಕಾಯುತ್ತಿರುವ ನೌಕೆಗಳಿಗೆ ತಾಗುತ್ತದೆ, ಅವು ಹೆಚ್ಚು ಕಡಿಮೆ ಒಂದು ತಾಸು ಮೊದಲು ಸುದ್ದಿ ಕೊಡುತ್ತವೆ ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಆತ ಹೋದ ಮೇಲೆ ನನಗೆ ಅಂದರು:

"ಒಂದ ತಾಸು ಮೊದಲ ಹೇಳೋರು ಯಾರರ ಇದ್ರ ಸಾಕು ನೋಡು. ಮನಶ್ಯಾ ಹೆಂಗರ ಬದಕತಾನ."

ಅಷ್ಟರಲ್ಲಿ ನಾನು ಧಾರವಾಡದಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಎರಡು ವರ್ಷ ಕಾದು, ಪರೀಕ್ಷೆ ಬರೆದು, ಅದೇ ಶಾಲೆಗೆ ಬಂದಿದ್ದೆ. ಮಕ್ಕಳ ಎದುರು ಅವರು ನನ್ನನ್ನು ಮೇಡಂ, ನೀವು ಎನ್ನುವರು. ಕಂಪ್ಯೂಟರ್ ಕೋಣೆಯೊಳಗೆ ಕಾಲಿಟ್ಟರೆ ತಂಗಿ, ನೀ. ಧೂಮಕೇತು ಹುಡುಕುವ ಅವರ ಪದ್ಧತಿಗೆ ಎರಡನೆಯ ಕಣ್ಣು ಬೇಕಿತ್ತು. ನಾನು ಬಂದ ಮೇಲೆ ಆ ಕಣ್ಣು ನಾನಾದೆ.

ಪದ್ಧತಿ ಹೀಗಿತ್ತು. ಪ್ರಾಜೆಕ್ಟ್ ಫೈಲಿಗೆ ಹಾಕುವ ಪಾರದರ್ಶಕ ಹಾಳೆಯನ್ನು ಕಂಪ್ಯೂಟರಿನ ಪರದೆಗೆ ಅಂಟಿಸುವುದು. ಒಂದರ ನಂತರ ಒಂದು ತೆಗೆದ ಐದು ಚಿತ್ರಗಳನ್ನು ತೆರೆದು, ಪ್ರತಿಯೊಂದರಲ್ಲೂ ಚುಕ್ಕಿ ಎಲ್ಲಿದೆಯೋ ಅಲ್ಲಿ ಹಾಳೆಯ ಮೇಲೆ ಪೆನ್ನಿನಿಂದ ಗುರುತು ಹಾಕುವುದು. ಐದೂ ಗುರುತು ಒಂದು ಸಾಲಿನಲ್ಲಿ ಬರಬೇಕು. ಸೂರ್ಯನ ಹತ್ತಿರ ಹೋದಂತೆ ಧೂಮಕೇತು ಇನ್ನೂ ಜೋರಾಗಿ ಓಡುತ್ತದೆ, ಹಾಗಾಗಿ ಗುರುತುಗಳ ನಡುವಿನ ಅಂತರ ಹಿಗ್ಗುತ್ತ ಹೋಗಬೇಕು. ಒಂದೇ ಚಿತ್ರದಲ್ಲಿ ಕಂಡು ಮುಂದಿನದರಲ್ಲಿ ಇಲ್ಲವಾದರೆ ಅದು ಎಲ್ಲಿಂದಲೋ ಹಾರಿ ಬಂದು ಕ್ಯಾಮೆರಾಕ್ಕೆ ಬಡಿದ ಕಣ, ಧೂಮಕೇತುವಲ್ಲ. ಅಂಥ ಕಣಗಳ ಬಿಳಿ ಚುಕ್ಕಿ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಇರುತ್ತವೆ.

ಇಷ್ಟನ್ನು ಬೇರೆಯವರೂ ಮಾಡುತ್ತಾರೆ. ಸರ್ ಇದರ ಮೇಲೆ ತಮ್ಮದೊಂದು ನಿಯಮ ಕೂಡಿಸಿದ್ದರು. ಅವರು ಗುರುತು ಹಾಕಿದ ಹಾಳೆಯನ್ನು ಕಳಚಿ, ವೃತ್ತಪತ್ರಿಕೆಯಲ್ಲಿ ಸುತ್ತಿ ಬಚ್ಚಿಡುವರು. ನಾನು ಹೊಸ ಹಾಳೆ ಅಂಟಿಸಿ, ಅದೇ ಐದು ಚಿತ್ರ ನೋಡಿ, ನನಗೆ ಕಂಡಲ್ಲಿ ಗುರುತು ಹಾಕಬೇಕು. ಆಗ ಅವರು ಕೋಣೆಯಲ್ಲಿ ಇರುವುದಿಲ್ಲ. ತಮ್ಮ ಮುಖ ನೋಡಿಯೇ ನಾನು ಊಹಿಸಿಬಿಟ್ಟೇನು ಎಂದು ಹೊರಗೆ ಹೋಗಿಬಿಡುವರು. ಆಮೇಲೆ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿಯುವುದು. ಐದಕ್ಕೆ ಐದೂ ಕೂಡಿದರೆ ಮಾತ್ರ ಕಳಿಸುವುದು. ಒಂದು ಕೂಡದಿದ್ದರೂ ಬಿಡುವುದು.

ಈ ನಿಯಮದಿಂದಲೇ ಅವರು ಎಂದೂ ಮೊದಲನೆಯವರಾಗಲಿಲ್ಲ. ನಾನು ಬಂದ ಎರಡು ವರ್ಷದಲ್ಲಿ ನಾಲ್ಕು ಸಲ ನಿಜವಾದ ಧೂಮಕೇತುವನ್ನೇ ನೋಡಿದರು. ನಾಲ್ಕೂ ಸಲ, ಎರಡು ಹಾಳೆ ಕೂಡಿಸಿ, ನೆಟ್‌ವರ್ಕ್ ಬಂದು ಹೋಗಿ, ಕಳಿಸುವ ಹೊತ್ತಿಗೆ ಇನ್ನಾವುದೋ ದೇಶದಲ್ಲಿ ಇನ್ನಾರೋ ತಿಳಿಸಿ ಆಗಿತ್ತು. ಒಬ್ಬರೇ ನೋಡಿ ಕಳಿಸಿಬಿಡಿ ಸರ್ ಎಂದು ನಾನು ಹೇಳಿದ್ದುಂಟು.

"ನನಗ ಬೇಕಾಗೇತಿ ತಂಗಿ. ಬೇಕಾದವನ ಕಣ್ಣ ನಂಬಬಾರದು," ಎಂದರು.

ಅವರ ನಿವೃತ್ತಿಗೆ ಮೂರು ತಿಂಗಳಿತ್ತು. ನಿವೃತ್ತಿಯಾದ ಮೇಲೆ ಆ ಕೋಣೆ, ಆ ಪರದೆ ಇರುವುದಿಲ್ಲ. ಮನೆಯಲ್ಲಿದ್ದದ್ದು ಒಂದು ಸಣ್ಣ ಫೋನು. ಒಂದು ಸಂಜೆ ನಾನು ಕೋಣೆಗೆ ಹೋದಾಗ ಅವರು ತಮ್ಮ ಹಾಳೆಯನ್ನು ಸುತ್ತಿ ಅದರ ಮೇಲೆಯೇ ಕುಳಿತಿದ್ದರು. ಎದ್ದು ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದರು. ಬಾಗಿಲಲ್ಲಿ ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿದರು. ಏನೋ ಸಿಕ್ಕಿದೆ ಎಂದು ತಿಳಿಯಲು ಅಷ್ಟು ಸಾಕಾಯಿತು ನನಗೆ.

ಮೊದಲ ಚಿತ್ರದಲ್ಲಿ ಚುಕ್ಕಿ ಇತ್ತು. ಎರಡನೆಯದರಲ್ಲಿ ಸ್ವಲ್ಪ ಮೇಲೆ ಸರಿದಿತ್ತು. ಮೂರನೆಯದರಲ್ಲಿ ಇನ್ನೂ ಸರಿದಿತ್ತು, ಸೂರ್ಯನ ಕಡೆಗೇ. ನಾಲ್ಕನೆಯದರಲ್ಲಿ ರವೆಯಂಥ ಚುಕ್ಕಿಗಳೇ ತುಂಬಿದ್ದವು, ಯಾವುದನ್ನು ಬೇಕಾದರೂ ಹೌದು ಎನ್ನಬಹುದಿತ್ತು. ಐದನೆಯದರಲ್ಲಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಬೆಳಕು ಹೆಚ್ಚು ಮಾಡಿ ನೋಡಿದೆ. ಇರಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಅವರ ಚಪ್ಪಲಿಯ ಸಪ್ಪಳ ಅತ್ತ ಹೋಗಿ ಇತ್ತ ಬರುತ್ತಿತ್ತು. ಮೂರೇ ಗುರುತು ಹಾಕಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ಇವರ ಕಣ್ಣು ಎಷ್ಟೋ ವರ್ಷದಿಂದ ಪಳಗಿದ ಕಣ್ಣು, ನನಗೆ ಕಾಣದ್ದು ಅವರಿಗೆ ಕಂಡಿರಲೇಬೇಕು, ನನ್ನ ಕಣ್ಣಿನ ಕೊರತೆಗೆ ಅವರೇಕೆ ಕಳೆದುಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸ್ಕೇಲು ತೆಗೆದುಕೊಂಡೆ. ಮೊದಲ ಮೂರರ ಅಂತರ ಅಳೆದು, ಎಷ್ಟು ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ, ನಾಲ್ಕನೆಯದನ್ನೂ ಐದನೆಯದನ್ನೂ ಇಟ್ಟೆ.

ಕಿಟಕಿಗೆ ಹಿಡಿದಾಗ ಎರಡೂ ಹಾಳೆ ಒಂದೇ ಹಾಳೆಯಂತೆ ಕೂಡಿದವು. ಸರ್ ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಖುಷಿ ಇರಲಿಲ್ಲ, ಆಶ್ಚರ್ಯ ಇತ್ತು. ಅದು ಯಾಕೆ ಎಂದು ಆಗ ನನಗೆ ತಿಳಿಯಲಿಲ್ಲ.

"ಧೂಮಕೇತು ಅಲ್ಲದ ಮತ್ತೇನರ ಇರಬಹುದೇನ?" ಎಂದು ಕೇಳಿದರು.

"ಇಲ್ರಿ ಸರ್," ಎಂದೆ.

ಕಳಿಸಿದರು. ಆಗಲೇ ಹೆಡ್‌ಮಾಸ್ತರು ಕೋಣೆಯ ಬೀಗದ ಕೈ ಕೇಳಲು ಬಂದವರು ನಮ್ಮ ಮುಖ ನೋಡಿ ವಿಷಯ ತಿಳಿದುಕೊಂಡರು. ಮರುದಿನ ಪ್ರಾರ್ಥನೆಯಲ್ಲಿ ಮೈಕು ಹಿಡಿದು, ನಮ್ಮ ಶಾಲೆಯಿಂದ ಧೂಮಕೇತುವಿನ ಶೋಧ ಎಂದು ಸಾರಿಬಿಟ್ಟರು. ಇನ್ನೂ ಉತ್ತರ ಬಂದಿಲ್ಲ ಎಂದು ಸರ್ ಅವರ ತೋಳು ಹಿಡಿದು ಹೇಳುತ್ತಲೇ ಇದ್ದರು. ಮಕ್ಕಳ ಚಪ್ಪಾಳೆಯಲ್ಲಿ ಅದು ಕೇಳಲಿಲ್ಲ. ಮಧ್ಯಾಹ್ನ ಶಾಲು ಹೊದಿಸಿದರು, ಫೋಟೋ ತೆಗೆದರು. ಎರಡು ದಿನಕ್ಕೆ ಪತ್ರಿಕೆಯ ಒಳಪುಟದಲ್ಲಿ ಬಂತು. ನಮ್ಮಪ್ಪ ಅದನ್ನು ಕತ್ತರಿಸಿ ಇಟ್ಟುಕೊಂಡ. ಫೋಟೋದ ಅಂಚಿನಲ್ಲಿ ನಾನೂ ಇದ್ದೆ.

ವಾರದ ಮೇಲೆ ಆ ನೌಕೆಯ ಚಿತ್ರಗಳನ್ನು ಪರಿಶೀಲಿಸುವವರಿಂದ ಉತ್ತರ ಬಂತು. ಸೌಜನ್ಯದ ನಾಲ್ಕು ಸಾಲು. ಪೂರ್ತಿ ಚಿತ್ರಗಳನ್ನು ಪರಿಶೀಲಿಸಿದ್ದೇವೆ, ನೀವು ಗುರುತಿಸಿದ್ದು ಒಂದೇ ವಸ್ತುವಲ್ಲ, ಬೇರೆ ಬೇರೆ ಚಿತ್ರಕ್ಕೆ ಬಡಿದ ಬೇರೆ ಬೇರೆ ಕಣಗಳು ಆಕಸ್ಮಿಕವಾಗಿ ಸಾಲಾಗಿ ಕಂಡಿವೆ, ದಯವಿಟ್ಟು ಹುಡುಕಾಟ ಮುಂದುವರಿಸಿ. ಸರ್ ಅದನ್ನು ಮುದ್ರಿಸಿಕೊಂಡು ಹೆಡ್‌ಮಾಸ್ತರ ಮೇಜಿನ ಮೇಲಿಟ್ಟು, ಇವತ್ತೇ ತಿಳಿಸಬೇಕು ಎಂದರು. ಹೆಡ್‌ಮಾಸ್ತರು ಕೆಟ್ಟ ಮನುಷ್ಯರಲ್ಲ. ಶಾಲೆಯ ಹೆಸರಿನ ಚಿಂತೆ ಅವರಿಗೆ.

"ಪೇಪರ್‌ದಾಗ ಬಂದ ಹೋಗೇತ್ರಿ. ಪರೀಕ್ಷಿ ಮುಗೀಲಿ ಬಿಡ್ರಿ, ಆಮ್ಯಾಲ ನೋಡೂಣು," ಎಂದರು.

ಪರೀಕ್ಷೆ ಮುಗಿಯಿತು, ಬೀಳ್ಕೊಡುಗೆ ಬಂತು. ಅಲ್ಲಿಯೂ ಎಲ್ಲರೂ ಧೂಮಕೇತುವನ್ನೇ ಹೊಗಳಿದರು. ಸರ್ ಎದ್ದು ನಿಂತು, ನಾನು ಯಾವ ಧೂಮಕೇತುವನ್ನೂ ಕಂಡುಹಿಡಿದಿಲ್ಲ, ಅಲ್ಲ ಎಂದು ನೌಕೆಯವರೇ ಬರೆದಿದ್ದಾರೆ ಎಂದರು. ಎಂಥ ವಿನಯ ಎಂದು ಸಭೆಯೆಲ್ಲ ಮತ್ತೂ ಜೋರಾಗಿ ಚಪ್ಪಾಳೆ ತಟ್ಟಿತು. ಅವರು ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತಿದ್ದರು. ಆಮೇಲೆ ಕುಳಿತುಬಿಟ್ಟರು. ನಾನು ಚಪ್ಪಾಳೆ ತಟ್ಟಲಿಲ್ಲ. ನಾನು ಮಾಡಿದ್ದು ಅಷ್ಟೇ.

ಒಂದು ತಿಂಗಳ ಮೇಲೆ ನವಲಗುಂದದ ಮನೆಗೆ ಕರೆಸಿದರು. ಹೊರಗಿನ ಕೋಣೆಯಲ್ಲಿ ಜಮಖಾನದ ಮೇಲೆ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದರು. ತೂಕ ಇಳಿದಿತ್ತು. ಒಂದು ಇಂಗ್ಲಿಷ್ ಪತ್ರ ಬರೆದಿದ್ದರು, ತಪ್ಪಿದ್ದರೆ ತಿದ್ದು ಎಂದು ನನ್ನ ಕೈಗೆ ಕೊಟ್ಟರು. ನಿಮ್ಮ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಿ ಎಂಬ ಮನವಿ. ಎರಡು ವಾಕ್ಯಗಳಲ್ಲಿ ಸಣ್ಣ ತಪ್ಪುಗಳಿದ್ದವು, ತಿದ್ದಿದೆ. ಮೂರನೆಯ ವಾಕ್ಯ ಹೀಗಿತ್ತು: ನನ್ನ ಸಹೋದ್ಯೋಗಿ ನನ್ನ ಗುರುತುಗಳನ್ನು ನೋಡದೆಯೇ ಐದೂ ಚಿತ್ರಗಳಲ್ಲಿ ಅದೇ ಜಾಗದಲ್ಲಿ ಅದನ್ನು ಕಂಡಿದ್ದಾರೆ, ಆಕೆ ಸುಳ್ಳು ಹೇಳುವವಳಲ್ಲ.

ಪೆನ್ನು ಅಲ್ಲಿ ನಿಂತಿತು. ಅಕ್ಕಾರು, ಅಂದರೆ ಅವರ ಹೆಂಡತಿ, ಚಾ ತಂದು ಇಟ್ಟು ಅಲ್ಲೇ ಬಾಗಿಲಲ್ಲಿ ನಿಂತರು. ಕೈಯಲ್ಲಿದ್ದ ಪತ್ರವನ್ನು ಕೆಳಗಿಟ್ಟೆ.

"ಸರ್, ನಾಕನೇದು, ಐದನೇದು ನನಗ ಕಂಡಿರಲಿಲ್ರಿ. ಅಳದು ಇಟ್ಟಿದ್ದೆ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಮುಂದೆ ಹರಡಿದ್ದ ಹಾಳೆಗಳಲ್ಲಿ ತಮ್ಮದನ್ನು ಎತ್ತಿ ಬೆಳಕಿಗೆ ಹಿಡಿದರು.

"ನಾಕನೇದು ನನಗ ಕಂಡಂಗಿತ್ತು," ಎಂದರು. "ಐದನೇದು ನಾನೂ ಕಂಡಿಲ್ಲ ತಂಗಿ. ಬೇಕಾಗಿತ್ತು, ಇಟ್ಟೆ. ನೀ ಇಲ್ಲ ಅಂತಿ, ಬಿಟ್ಟ ಬಿಡೂಣು ಅಂದಕೊಂಡಿದ್ದೆ. ನಿನ್ನ ಹಾಳಿಯೊಳಗ ಅದು ಅಲ್ಲೇ ಇತ್ತು. ಹಂಗಾದ್ರ ಖರೇನ ಇದ್ದಿರಬೇಕು ಅಂತ ನಂಬಿದೆ."

ಅಕ್ಕಾರು ಒಳಗೆ ಹೋದರು. ಸರ್ ಹಾಳೆಯನ್ನು ಕೆಳಗಿಟ್ಟು ನನ್ನ ಕಡೆ ನೋಡದೆ ಅಂದರು:

"ನೀ ಹಿಡೀತಿ ಅಂತ ನಾ. ನಾ ನೋಡೇನಿ ಅಂತ ನೀ. ಹಂಗಾದ್ರ ನೋಡಿದವರ್ಯಾರು?"

ಆ ಪತ್ರ ಹೋಗಲಿಲ್ಲ. ಅದರ ಬದಲು, ತಮ್ಮ ವರದಿಯ ಕೊನೆಯ ಗುರುತು ಕಂಡದ್ದಲ್ಲ, ಊಹಿಸಿದ್ದು ಎಂದು ಎರಡು ಸಾಲಿನ ಇನ್ನೊಂದು ಪತ್ರವನ್ನು ಅಂದೇ ನನ್ನ ಎದುರೇ ಫೋನಿನಿಂದ ಕಳಿಸಿದರು. ನನ್ನ ಹೆಸರು ಅದರಲ್ಲಿ ಬರೆಯಲಿಲ್ಲ. ಆಮೇಲೆ ಆ ಕೆಲಸ ಒಪ್ಪಿಸಿದರು. ನಾನು ಹೇಳಿದರೆ ವಿನಯ ಎನ್ನುತ್ತಾರೆ, ನೀನು ಹೇಳಿದರೆ ನಂಬುತ್ತಾರೆ, ಶಾಲೆಯ ಮಕ್ಕಳ ತಲೆಯಲ್ಲಿ ಇಲ್ಲದ ಧೂಮಕೇತು ಇರಬಾರದು, ಪ್ರಾರ್ಥನೆಯಲ್ಲಿ ಎರಡು ನಿಮಿಷ ಸಾಕು ಎಂದರು. ಆಯಿತು ಸರ್ ಎಂದು ಬಂದೆ.

ಬಂದವಳು ಹೇಳಲಿಲ್ಲ. ನನ್ನದು ಇನ್ನೂ ಪ್ರೊಬೇಷನ್, ನೌಕರಿ ಕಾಯಂ ಆಗಿರಲಿಲ್ಲ. ಅದು ಮುಗಿಯಲು ಹೆಡ್‌ಮಾಸ್ತರು ವರದಿ ಕೊಡಬೇಕು. ಸುಳ್ಳು ಗುರುತು ಹಾಕಿದ ವಿಜ್ಞಾನ ಶಿಕ್ಷಕಿ ಎಂದು ಆ ವರದಿಯಲ್ಲಿ ಬಂದರೆ? ಅಪ್ಪ ತನ್ನ ಸಹಿ ಕಲಿತ ಕೋಣೆಯಲ್ಲಿ ಈಗ ನಾನು ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತೇನೆ. ಈ ನೌಕರಿ ಹೋದರೆ ನಮ್ಮ ಮನೆಗೆ ಇನ್ನೊಂದನ್ನು ತಂದುಕೊಡುವವರಿಲ್ಲ. ಹತ್ತು ದಿನಕ್ಕೊಮ್ಮೆ ಸರ್ ಫೋನು ಬರುತ್ತಿತ್ತು. ಮಳೆ, ಬೆಳೆ, ಮಕ್ಕಳ ಪರೀಕ್ಷೆ ಎಲ್ಲ ಕೇಳಿ, ಕೊನೆಗೆ ಸ್ವಲ್ಪ ತಡೆದು, ಹೇಳಿದೆಯಾ ಎನ್ನುವರು. ಇಲ್ಲ ಸರ್, ಮುಂದಿನ ವಾರ ಎನ್ನುವೆ. ಆಗಲಿ, ನೋಡಿಕೊಂಡು ಹೇಳು ಎನ್ನುವರು. ಆಮೇಲಾಮೇಲೆ ಅವರ ಹೆಸರು ಫೋನಿನಲ್ಲಿ ಮಿನುಗಿದರೆ ಎತ್ತಲು ಅಂಜಿಕೆಯಾಗತೊಡಗಿತು. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಫೋನು ಮಾಡಿದ್ದು ಅಕ್ಕಾರು. ಬೆಳಿಗ್ಗೆ ಎದೆ ನೋವು ಅಂದರಂತೆ, ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಲಿಲ್ಲವಂತೆ.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿ ಕಂಪ್ಯೂಟರ್ ಕೋಣೆಗೆ ಅವರ ಹೆಸರಿಡುವುದೆಂದು ತೀರ್ಮಾನಿಸಿದರು. ಬೋರ್ಡಿನಲ್ಲಿ ಹೆಸರಿನ ಕೆಳಗೆ ಧೂಮಕೇತುವಿನ ಶೋಧಕರು ಎಂದು ಬರೆಸುವುದೆಂದೂ ಆಯಿತು. ನಾನು ಮರುದಿನ ಅಕ್ಕಾರ ಮನೆಗೆ ಹೋದೆ. ಏನು ಕೇಳಲು ಹೋದೆನೋ ನನಗೇ ಸ್ಪಷ್ಟವಿರಲಿಲ್ಲ. ಸತ್ತವರ ಹೆಸರಿಗೆ ಬಂದ ಮಾನ, ಇರಲಿ ಬಿಡು ಎಂದಾರು ಎಂಬ ಆಸೆ ಇತ್ತು ಅಂತ ಈಗ ಅನಿಸುತ್ತದೆ.

ಅಕ್ಕಾರು ಹಾಗೆ ಅನ್ನಲಿಲ್ಲ.

"ನೀ ಹೇಳತಿಯೋ ಇಲ್ಲೋ ಅಂತ ಒಂದ ಚಿಂತಿ ಅವರಿಗೆ. ಹೇಳಿದ್ರ ನಿನ್ನ ನೌಕರಿಗೆ ಏನರ ಆದೀತು ಅಂತ ಇನ್ನೊಂದ ಚಿಂತಿ. ಎರಡೂ ಕೂಡೇ ಮಾಡತಿದ್ರವ್ವಾ. ಫೋನ್ ಮಾಡೂ ಮುಂದ ಕೈಯಾಗ ಹಿಡಕೊಂಡ ಎಷ್ಟೊತ್ತ ಕುಂದರತಿದ್ರು," ಎಂದರು. ಸಿಟ್ಟಿನಿಂದ ಅನ್ನಲಿಲ್ಲ. ಜೋಳ ಹಸನು ಮಾಡುತ್ತ ಅಂದರು.

ಮರುದಿನ ಸೋಮವಾರ ಪ್ರಾರ್ಥನೆಯಲ್ಲಿ ಸುದ್ದಿ ಓದುವ ಪಾಳಿ ನನ್ನದಲ್ಲ, ಕೇಳಿ ತೆಗೆದುಕೊಂಡೆ. ಸರ್ ಧೂಮಕೇತು ಕಂಡುಹಿಡಿಯಲಿಲ್ಲ ಎಂದೆ. ನಾಲ್ಕು ನಿಜವಾದ ಧೂಮಕೇತುಗಳನ್ನು ಅವರು ನೋಡಿದ್ದರು, ಪ್ರತಿ ಸಲ ಬೇರೆ ಯಾರೋ ಅವರಿಗಿಂತ ಮೊದಲು ತಿಳಿಸಿದ್ದರು ಎಂದೆ. ಐದನೆಯ ಸಲ ಕಳಿಸಿದ್ದು ತಪ್ಪು, ಅದರಲ್ಲಿ ಎರಡು ಗುರುತುಗಳನ್ನು ನಾನು ನೋಡದೆ ಹಾಕಿದ್ದೆ, ಒಂದನ್ನು ಅವರು ನೋಡದೆ ಹಾಕಿದ್ದರು ಎಂದೆ. ಅವರು ತಮ್ಮದನ್ನು ಬರೆದು ತಿಳಿಸಿದರು, ನಾನು ನನ್ನದನ್ನು ಇವತ್ತು ಹೇಳುತ್ತಿದ್ದೇನೆ ಎಂದೆ. ಚಪ್ಪಾಳೆ ಬೀಳಲಿಲ್ಲ. ಈ ಸಲ ಎಲ್ಲರೂ ನಂಬಿದರು.

ಹೆಡ್‌ಮಾಸ್ತರು ಒಳಗೆ ಕರೆದು, ಹೇಳಿದ್ದನ್ನೆಲ್ಲ ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟೆ. ಅವರು ಓದಿ ನನ್ನ ಕಡತದೊಳಗೆ ಇಟ್ಟರು. ಬೋರ್ಡಿನ ಕೆಳಗಿನ ಸಾಲು ಬೇಡ ಎಂದು ಪೇಂಟರನಿಗೆ ಅವರೇ ಫೋನು ಮಾಡಿದರು. ನನ್ನ ವರದಿಯಲ್ಲಿ ಏನು ಬರೆಯುತ್ತಾರೋ ಇನ್ನೂ ಗೊತ್ತಿಲ್ಲ. ಕೇಳುವ ಧೈರ್ಯವಾಗಿಲ್ಲ.

ಅದೇ ಮಧ್ಯಾಹ್ನ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಒಬ್ಬಳು ಇನ್ನೊಬ್ಬಳನ್ನು ಮುಂದಕ್ಕೆ ನೂಕುತ್ತಿದ್ದಳು. ಕೈಯಲ್ಲಿ ಪ್ರಯೋಗದ ವಹಿಗಳಿದ್ದವು.

"ಮೇಡಂ, ಮಸೂರದ ಪ್ರಯೋಗ ನಾವೂ ನೋಡಿ ಬರದಿಲ್ರಿ. ಇಕಿ ವಹಿಯಾಗಿಂದ ನಾ ಬರಕೊಂಡೇನ್ರಿ. ಇಕಿ ಹ್ವಾದ ವರ್ಷದವರ ವಹಿಯಾಗಿಂದ ಬರಕೊಂಡಾಳ್ರಿ."

ಮತ್ತೆ ಮಾಡೋಣ, ವಹಿ ಇಟ್ಟು ಹೋಗಿ ಎಂದೆ. ಶಾಲೆ ಬಿಡುವ ಹೊತ್ತಿಗೆ ಇನ್ನೂ ಕೆಲವರು ಬಂದರು. ತಲೆ ಎತ್ತದೆ ಬಂದು, ವಹಿ ಇಟ್ಟು ಹೋದರು. ಎಲ್ಲರೂ ಹೋದ ಮೇಲೆ ಎಣಿಸಿದೆ. ಹದಿನೇಳಿದ್ದವು. ಒಂದೊಂದನ್ನೇ ತೆರೆದೆ. ಎಲ್ಲದರಲ್ಲೂ ಅದೇ ಅಂಕಿಗಳು, ಅದೇ ಸಾಲು, ಅದೇ ಉತ್ತರ. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ, ಪರಿಶೀಲಿಸಿದೆ ಎಂದು ಬರೆದು ನಾನು ಸಹಿ ಮಾಡಿದ್ದೆ.